ಪೈಪಿನೊಳಗಿನ ಟವೆಲು

ಮೇಷ್ಟ್ರ ತಲೆ ಅಟ್ಟದೊಳಗಿತ್ತು, ಕಾಲು ಏಣಿಯ ಆರನೆಯ ಮೆಟ್ಟಿಲ ಮೇಲಿತ್ತು, ಜೀವ ಮಾತ್ರ ಪೊಲೀಸ್ ಠಾಣೆಯ ಲಾಕಪ್ಪಿನಲ್ಲಿತ್ತು.

"ಏನಾದ್ರೂ ಕಾಣ್ತಿದೆಯಾ?" ಕೆಳಗೆ ಬಚ್ಚಲಿನ ಬಾಗಿಲಲ್ಲಿ ನಿಂತಿದ್ದ ಇನ್‌ಸ್ಪೆಕ್ಟರಮ್ಮ ಕೇಳಿದರು.

"ಧೂಳು ಕಾಣ್ತಿದೆ. ಸ್ವಲ್ಪ ತಾಳಿ."

"ತಾಳೋಕೆ ನನಗೇನೂ ತೊಂದ್ರೆ ಇಲ್ಲ ಮೇಷ್ಟ್ರೇ. ಮೂರು ಗಂಟೆಗೆ ಫೈಲು ಕೋರ್ಟಿಗೆ ಹೋಗತ್ತೆ, ಅಷ್ಟೇ."

ಆಗ ಬೆಳಗಿನ ಹನ್ನೊಂದು. ಪೊಲೀಸ್ ಕಸ್ಟಡಿಯ ಗಡುವು ಮುಗಿದು, ಮೂರಕ್ಕೆ ಆ ಫೈಲಿನ ಹಿಂದೆಯೇ ಮೇಷ್ಟ್ರ ಅಳಿಯನೂ ಕೋರ್ಟಿಗೆ ಹೋಗುವವನಿದ್ದ. ಕನ್ನಡಕದಂಗಡಿಯವರ ಹೆಂಡತಿ ಇದೇ ಬಚ್ಚಲಿಗೆ ಸ್ನಾನಕ್ಕೆ ಹೋದವರು ಹೆಣವಾಗಿ ಹೊರಬಂದು ಏಳು ದಿನ. ಗ್ಯಾಸ್ ಗೀಸರಿನ ಕೆಟ್ಟ ಗಾಳಿ ಹೊರಗೆ ಹೋಗದೆ ಉಸಿರು ಕಟ್ಟಿತೆಂದು ಡಾಕ್ಟರು ಬರೆದಿದ್ದರು. ಎಕ್ಸಾಸ್ಟ್ ಫ್ಯಾನು ತಿರುಗುತ್ತಲೇ ಇತ್ತಂತೆ. ಆದರೆ ಫ್ಯಾನಿನಿಂದ ಹೊರಡುವ ಪೈಪಿನ ಬಾಯಲ್ಲಿ ಹಳೆಯ ಟವೆಲೊಂದನ್ನು ಸುರುಳಿ ಸುತ್ತಿ ತುರುಕಲಾಗಿತ್ತು. ಆ ಫ್ಯಾನು ಕೂರಿಸಿದವನು ಅಳಿಯ. "ನಾಲ್ಕು ತಿಂಗಳ ಹಿಂದೆ ಕೆಲಸ ಮುಗಿಸುವಾಗ ಬಟ್ಟೆ ತೆಗೆಯಲು ಮರೆತೆ" ಎಂದು ಯಾರೂ ಗದರಿಸುವ ಮೊದಲೇ ಬರೆದುಕೊಟ್ಟು ರುಜು ಹಾಕಿದವನೂ ಅವನೇ.

ಆ ರುಜುವೇ ಮೇಷ್ಟ್ರ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಕೈಗಾರಿಕಾ ತರಬೇತಿ ಶಾಲೆಯಲ್ಲಿ ಮೂವತ್ತೊಂದು ವರ್ಷ ಅವರು ಕಲಿಸಿದ್ದು ಇದನ್ನೇ: ಬಚ್ಚಲಿನ ಹಬೆಯನ್ನು ಮನೆಯಿಂದ ಹೊರಗೆ ಹಾಕುವುದು ಹೇಗೆ, ಅದು ದಾರಿಯಲ್ಲಿ ತಣ್ಣಗಾಗಿ ನೀರಾಗಿ ಹಿಂತಿರುಗಿ ಬಾರದಂತೆ ನೋಡಿಕೊಳ್ಳುವುದು ಹೇಗೆ. ಪೈಪು ಹೊರಗೋಡೆಯ ಕಡೆಗೆ ಇಳಿಜಾರಾಗಿರಬೇಕು ಎಂದು ದಿನಕ್ಕೆ ಹತ್ತು ಸಲ ಹೇಳಿ ಹೇಳಿ ಹುಡುಗರ ಬಾಯಲ್ಲಿ 'ಇಳಿಜಾರು ಮೇಷ್ಟ್ರು' ಆಗಿಹೋಗಿದ್ದರು. ಆ ಹುಡುಗರಲ್ಲೆಲ್ಲ ಕೈ ಚೊಕ್ಕವಾಗಿದ್ದವನನ್ನು ಆರಿಸಿ ಮಗಳನ್ನು ಕೊಟ್ಟಿದ್ದರು. ಗಾರೆ, ಬಣ್ಣದ ಕೆಲಸ ನಡೆಯುವಾಗ ಫ್ಯಾನಿಗೆ ಧೂಳು ಬೀಳದಿರಲೆಂದು ಪೈಪಿಗೆ ಬಟ್ಟೆ ತುರುಕುವುದು ಈ ಕಸುಬಿನಲ್ಲಿ ಎಲ್ಲರೂ ಮಾಡುವುದೇ. ಅದನ್ನು ತೆಗೆಯಲು ಮರೆಯುವವರ ಪೈಕಿ ಅಳಿಯ ಅಲ್ಲ.

ಟಾರ್ಚಿನ ಬೆಳಕು ಬೆಳ್ಳಿಬಣ್ಣದ ಪೈಪಿನ ಉದ್ದಕ್ಕೂ ಹರಿಯಿತು. ಅಳಿಯನ ಕೆಲಸ ನೋಡಿದ ಕೂಡಲೇ ಗುರುತು ಸಿಗುವಂಥದು. ಅಟ್ಟದ ಚಳಿ ತಾಗದಂತೆ ಪೈಪಿಗೆ ಎರಡು ಸುತ್ತು ದಪ್ಪ ಹೊದಿಕೆ, ಸಂದುಸಂದಿಗೂ ಟೇಪು, ಮೂರು ಮೂರು ಅಡಿಗೆ ಒಂದು ತೂಗುಪಟ್ಟಿ. ಕೂಸಿಗೆ ಸ್ವೆಟರ್ ತೊಡಿಸಿದಷ್ಟು ಅಕ್ಕರೆಯಿಂದ ಮಾಡಿದ್ದ. ಅಂಥ ಸಂಕಟದಲ್ಲೂ ಮೇಷ್ಟ್ರಿಗೆ ಹೆಮ್ಮೆಯೆನಿಸಿತು.

ಹೆಮ್ಮೆ ನಾಲ್ಕು ಅಡಿಯಷ್ಟೇ ಬಾಳಿತು. ಅಲ್ಲಿ ಎರಡು ತೂಗುಪಟ್ಟಿ ಕಿತ್ತುಬಂದು ಪೈಪು ಹೊಟ್ಟೆ ಬಿಟ್ಟುಕೊಂಡು ಜೋತಿತ್ತು. ಅದರ ಮೇಲೆ ಯಾರೋ ಎರಡು ಹಳೆಯ ಕಿಟಕಿ ಚೌಕಟ್ಟುಗಳನ್ನು ಹೇರಿದ್ದರು.

"ಈ ಚೌಕಟ್ಟು ಯಾರು ಇಟ್ಟಿದ್ದು?"

ಕಟ್ಟಡದ ಕಾವಲಿನವನು ಇನ್‌ಸ್ಪೆಕ್ಟರಮ್ಮನ ಬೆನ್ನಿಗೆ ಸರಿದು ನಿಂತ. "ನಾನೇ ಸಾರ್. ಹೋದ ತಿಂಗಳು, ಕಟ್ಟಡಕ್ಕೆ ಹೊಸ ಕಿಟಕಿ ಹಾಕ್ಸಿದ್ರಲ್ಲ, ಅವತ್ತು. ಒಳ್ಳೇ ಮರ, ಬಿಸಾಡೋಕೆ ಮನಸ್ಸು ಬರ್ಲಿಲ್ಲ. ಎಲ್ಲಿಡ್ಲಿ ಮತ್ತೆ, ತಲೆ ಮೇಲೆ ಇಟ್ಕೊಳ್ಲಾ?"

"ಇಟ್ಕೊಂಡಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು," ಎಂದರು ಮೇಷ್ಟ್ರು.

ಜೋತ ಹೊಟ್ಟೆಯನ್ನು ಅವರು ಕೆಳಗಿನಿಂದ ಬೆರಳಲ್ಲಿ ಮೀಟಿದರು. ಒಳಗೆ ನೀರು ಕುಲುಕಿತು. ಕಡಿಮೆಯೆಂದರೂ ಒಂದು ಚೊಂಬು. ಮೇಷ್ಟ್ರು ಇನ್ನೊಂದು ಸಲ ಮೀಟಿದರು, ಮತ್ತೆ ಕುಲುಕಿತು. ಅರವತ್ತೆಂಟು ವಯಸ್ಸಿಗೆ ಇಳಿಯಬೇಕಾದ್ದಕ್ಕಿಂತ ಬೇಗ ಏಣಿ ಇಳಿದರು.

"ಅವನು ಸುಳ್ಳು ಬರೆದಿದಾನೆ," ಎಂದರು.

ಇನ್‌ಸ್ಪೆಕ್ಟರಮ್ಮ ಹುಬ್ಬೇರಿಸಿದರು. ಅಳಿಯನ ಕೇಸಿನಲ್ಲಿ ಮಾವನ ಮಾತು ಕೇಳುವುದು ನಿಯಮದಲ್ಲಿಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೂ ಒಂದು ಬೆಳಗಿನ ಮಟ್ಟಿಗೆ ಮೇಷ್ಟ್ರನ್ನು ಈ ಮನೆಗೆ ಕರೆತಂದಿದ್ದರು, ಏಕೆಂದರೆ ಕೇಳದೆ ತಪ್ಪೊಪ್ಪಿಕೊಳ್ಳುವವರನ್ನು ಕಂಡರೆ ಅವರಿಗೂ ಇರಿಸುಮುರಿಸು.

"ನಿಧಾನವಾಗಿ ಹೇಳಿ. ನಾನು ನಿಮ್ಮ ಕ್ಲಾಸಲ್ಲಿ ಕೂತೋಳಲ್ಲ."

"ಟವೆಲು ಸಿಕ್ಕಿದ್ದು ಫ್ಯಾನಿನ ಪಕ್ಕದಲ್ಲೇ, ಪೈಪಿನ ಈ ತುದೀಲಿ. ನೀರು ನಿಂತಿರೋದು ಅದರಿಂದ ನಾಲ್ಕಡಿ ಆಚೆ. ಆ ನೀರು ಎಲ್ಲಿಂದ ಬಂತು? ಬಚ್ಚಲಿನ ಹಬೆ ಹೋಗಿ ತಣ್ಣಗಾಗಿ ನೀರಾಗಿದ್ದು. ಅಡ್ಡ ಟವೆಲಿದ್ರೆ ಹಬೆ ಅಲ್ಲೀವರೆಗೆ ಹೋಗ್ತಿರ್ಲಿಲ್ಲ."

"ಮೊದಲಿಂದ್ಲೂ ನಿಂತಿರಬಹುದು."

"ಮೊದಲು ಅಲ್ಲಿ ಹೊಟ್ಟೇನೇ ಇರ್ಲಿಲ್ಲ ಮೇಡಂ. ಇಳಿಜಾರಿತ್ತು, ನೀರು ಹೊರಗೆ ಹರಿದು ಹೋಗ್ತಿತ್ತು. ಹೊರಗೋಡೆ ಜಾಲರಿ ಕೆಳಗೆ ಕಂದು ಕಲೆ ಇದೆ, ಬರ್ತಾ ನೀವೇ ನೋಡಿದ್ರಿ. ಹೊಟ್ಟೆ ಬಂದಿದ್ದು ಹೋದ ತಿಂಗಳು, ಇವನು ಚೌಕಟ್ಟು ಹೇರಿದ ಮೇಲೆ. ನೀರು ನಿಂತಿದ್ದು ಆಮೇಲೆ. ಟವೆಲು ಬಂದಿದ್ದು ಅದಕ್ಕೂ ಆಮೇಲೆ. ನಾಲ್ಕು ತಿಂಗಳ ಹಿಂದೆ ಮರೆತೆ ಅಂತ ಬರ್ಕೊಟ್ಟಿರೋದು ಶುದ್ಧ ಸುಳ್ಳು."

ಇನ್‌ಸ್ಪೆಕ್ಟರಮ್ಮ ಕೈಚೀಲದಿಂದ ಪ್ಲಾಸ್ಟಿಕ್ ಕವರು ತೆಗೆದರು. ಒಳಗೆ ಹಸಿರು ಗೆರೆಯ ಟವೆಲು, ನಡುವಿಗೆ ಬಾಲ ಬಿಟ್ಟು ತಂತಿ ಕಟ್ಟಿ ಸುರುಳಿ ಸುತ್ತಿದ್ದು. ಮೇಷ್ಟ್ರು ಕವರಿನ ಮೇಲಿಂದಲೇ ಅದನ್ನು ತಿರುಗಿಸಿ ನೋಡಿದರು. ಹದಿನೈದು ದಿನ ಹಬೆ ಕುಡಿದಿದ್ದರೂ ಸಾಕಿತ್ತು, ಬಟ್ಟೆಗೆ ಕಪ್ಪು ಬೂಷ್ಟು ಹಿಡಿಯುತ್ತಿತ್ತು. ಇದರಲ್ಲಿ ಒಂದು ಚುಕ್ಕೆಯೂ ಇಲ್ಲ.

"ಸರಿ, ಒಪ್ಪಿದೆ," ಎಂದರು ಇನ್‌ಸ್ಪೆಕ್ಟರಮ್ಮ. "ಹಾಗಾದ್ರೆ ಎರಡು ಪ್ರಶ್ನೆ. ತುರುಕಿದ್ದು ಯಾರು? ಎಂಟು ತಿಂಗಳ ಮಗುವಿರೋ ಮನುಷ್ಯ ಮಾಡದ ತಪ್ಪಿಗೆ ಜೈಲಿಗೆ ಹೋಗ್ತೀನಿ ಅಂತ ಯಾಕೆ ಹಟ ಹಿಡಿದಿದಾನೆ?"

ಎರಡನೆಯದನ್ನು ಮೇಷ್ಟ್ರು ಬದಿಗಿಟ್ಟರು. ಮೊದಲನೆಯದಕ್ಕೆ ಏಣಿಯನ್ನು ಸರಿಸಿ ಫ್ಯಾನಿನ ಕೆಳಗೆ ಇಟ್ಟರು.

ಮುಚ್ಚಳಕ್ಕೆ ನಾಲ್ಕು ಸ್ಕ್ರೂ. ಪೊಲೀಸರು ಟವೆಲನ್ನು ಅಟ್ಟದ ಕಡೆಯಿಂದ ಪೈಪು ಕಳಚಿ ತೆಗೆದಿದ್ದರು, ಇವನ್ನು ಮುಟ್ಟಿರಲಿಲ್ಲ. ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದರು. ಸ್ಕ್ರೂ ತಲೆಯ ಗೀರುಗಳೆಲ್ಲ ನಡುವಿನಲ್ಲಿ ಹರಕು ಮುರುಕಾಗಿದ್ದವು, ಅಂಚುಗಳು ಮಾತ್ರ ಹೊಸದರ ಹಾಗೆ ಚೂಪಾಗಿದ್ದವು. ಗೀರಿಗಿಂತ ಬಹಳ ಸಣ್ಣ ಮೊನೆಯ ಸ್ಕ್ರೂಡ್ರೈವರಿನಲ್ಲಿ ಯಾರೋ ಹರಸಾಹಸ ಮಾಡಿದ್ದರು. ಮೇಷ್ಟ್ರು ಅವನ್ನು ಇನ್‌ಸ್ಪೆಕ್ಟರಮ್ಮನ ಅಂಗೈಗೆ ಸುರಿದರು. ಆಕೆಗೆ ಅರ್ಥವಾಗಲು ಒಂದು ನಿಮಿಷವೂ ಬೇಕಾಗಲಿಲ್ಲ.

ಕನ್ನಡಕದಂಗಡಿಯವರು ಹಜಾರದ ಊಟದ ಮೇಜಿನೆದುರು ಕೂತಿದ್ದರು. ಸಣ್ಣ ಆಳು, ಇಸ್ತ್ರಿ ಮಾಡಿದ ಅಂಗಿ. ಎದುರಿನವರ ಕಣ್ಣು ನೋಡದೆ ಮೂಗಿನ ಬುಡವನ್ನು ನೋಡಿ ಮಾತಾಡುವ ಅಭ್ಯಾಸ, ಚೌಕಟ್ಟಿನ ಅಳತೆ ತೆಗೆಯುವ ಹಾಗೆ. ಠಾಣೆಯಲ್ಲಿ ಮೊದಲು ಕಂಡ ದಿನದಿಂದಲೂ ಮೇಷ್ಟ್ರಿಗೆ ಆ ನೋಟ ಸೇರಿರಲಿಲ್ಲ.

"ಫ್ಯಾನಿನ ಮುಚ್ಚಳ ಯಾವಾಗ ಬಿಚ್ಚಿದ್ರಿ?" ಮೇಷ್ಟ್ರು ನಿಂತೇ ಕೇಳಿದರು.

"ನಾನ್ಯಾಕೆ ಬಿಚ್ಲಿ?"

ಇನ್‌ಸ್ಪೆಕ್ಟರಮ್ಮ ಸ್ಕ್ರೂಗಳನ್ನು ಮೇಜಿನ ಮೇಲೆ ಒಂದೊಂದಾಗಿ ಇಟ್ಟರು.

"ಈ ಕೆಲಸ ಮಾಡೋರ ಹತ್ರ ದೊಡ್ಡ ಸ್ಕ್ರೂಡ್ರೈವರ್ ಇರತ್ತೆ," ಎಂದರು ಮೇಷ್ಟ್ರು. "ಅವರು ಗೀರನ್ನ ಹೀಗೆ ಕೆಡಿಸಲ್ಲ. ಇದು ಕನ್ನಡಕದ ಕಡ್ಡಿ ಬಿಗಿ ಮಾಡೋದ್ರಲ್ಲಿ ತಿರುಗಿಸಿದ್ದು. ಅಂಥದ್ದು ಈ ಕಟ್ಟಡದಲ್ಲಿ ಯಾರ ಹತ್ರ ಇದೆ, ನೀವೇ ಹೇಳಿ."

ಕನ್ನಡಕದಂಗಡಿಯವರು ಒಂದು ಸ್ಕ್ರೂ ಎತ್ತಿ ನೋಡಿ ಮತ್ತೆ ಇಟ್ಟರು. ಅಡುಗೆಮನೆಯಲ್ಲಿ ಫ್ರಿಜ್ಜು ಗುರ್ರೆಂದು ಶುರುವಾಯಿತು. ಮೇಜಿನ ಇನ್ನೊಂದು ಕುರ್ಚಿಯ ಬೆನ್ನಿಗೆ ಹೆಂಗಸರ ಸ್ವೆಟರೊಂದು ಇನ್ನೂ ನೇತಾಡುತ್ತಿತ್ತು.

"ನಾನು ಅವಳನ್ನ ಕೊಂದಿಲ್ಲ."

"ಕೊಂದ್ರಿ ಅಂತ ನಾವಿನ್ನೂ ಅಂದಿಲ್ಲ," ಎಂದರು ಇನ್‌ಸ್ಪೆಕ್ಟರಮ್ಮ.

"ನಾನಂತೀನಿ," ಎಂದರು ಮೇಷ್ಟ್ರು. "ನನ್ನ ಅಳಿಯ ಆರು ದಿನದಿಂದ ಸಿಮೆಂಟು ನೆಲದ ಮೇಲೆ ಮಲಗ್ತಿದಾನೆ. ಅವನು ಏನಂತ ಬರ್ಕೊಟ್ಟ ಅಂತ ನಿಮಗೆ ಗೊತ್ತು, ಅದು ಸುಳ್ಳು ಅಂತ್ಲೂ ಗೊತ್ತು. ಬಾಯಿ ಬಿಟ್ರಾ ನೀವು? ತುಟಿ ಹೊಲ್ಕೊಂಡು ಕೂತ್ರಿ."

"ಬಾಯಿ ಬಿಟ್ಟು ಏನ್ ಹೇಳ್ಲಿ? ಹೆಂಡತಿ ಉಸಿರಿಗೆ ನಾನೇ ಕೈಯಾರೆ ಬಿರಡೆ ಹಾಕ್ದೆ ಅಂತ್ಲಾ?" ಕನ್ನಡಕದಂಗಡಿಯವರು ಮೊದಲ ಸಲ ಮೇಷ್ಟ್ರ ಕಣ್ಣನ್ನು ನೋಡಿದರು. "ಅವಳೇ ಕೇಳಿದ್ಲು ರೀ. ಸ್ನಾನಕ್ಕೆ ಕೂತ್ರೆ ಫ್ಯಾನಿಂದ ಬೆನ್ನ ಮೇಲೆ ತಣ್ಣೀರು ತೊಟ್ಟಿಕ್ಕತ್ತೆ, ಏನಾದ್ರೂ ಮಾಡಿ ಅಂತ ಮೂರು ದಿನ ಗೊಣಗಿದ್ಲು. ಫೋನ್ ಮಾಡಿದೆ. ಅವರು ಹೇಳಿಕೊಟ್ಟ ಹಾಗೆ ಮಾಡಿದೆ."

"ಯಾರು ಹೇಳಿಕೊಟ್ರು?" ಇನ್‌ಸ್ಪೆಕ್ಟರಮ್ಮ ಪೆನ್ನು ತೆಗೆದರು.

"ಫ್ಯಾನಿನವರ ನಂಬರಿಗೇ ಮಾಡಿದ್ದು. ನಮ್ಮೋರಿಗೆ ಬಿಡುವಿಲ್ಲ, ಎರಡು ದಿನ ಬಿಟ್ಟು ಬರ್ತಾರೆ, ಅಲ್ಲೀವರೆಗೆ ಹಳೇ ಟವೆಲು ಬಿಗಿಯಾಗಿ ಸುತ್ತಿ ಪೈಪಿನ ಬಾಯಿಗೆ ಇಡಿ ಅಂದ್ರು. ನಡುವಿಗೆ ತಂತಿ ಕಟ್ಟಿ ಒಂದು ಗೇಣು ಬಾಲ ಬಿಡಿ, ಆಮೇಲೆ ಎಳೆಯೋಕೆ ಸುಲಭ ಅಂದ್ರು. ತುಂಬಾ ಸಮಾಧಾನವಾಗಿ ಹೇಳಿದ್ರು, ಮೇಷ್ಟ್ರು ಪಾಠ ಹೇಳೋ ಹಾಗೆ. ಹೆಂಗಸು. ಹಿಂದೆ ಮಗು ಅಳ್ತಿತ್ತು."

ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು.

ಏಣಿ ಹತ್ತಿದವನು ಫೋನು ಎತ್ತಬಾರದು ಎಂಬುದು ಅವರೇ ಮಾಡಿದ ಕಟ್ಟಳೆ. ಒಬ್ಬ ಶಿಷ್ಯ ಹಾಗೆ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಪ್ರತಿ ಬ್ಯಾಚಿಗೂ ಅದನ್ನು ಬಾಯಿಪಾಠ ಮಾಡಿಸಿದ್ದರು. ಹಾಗಾಗಿ ಅಳಿಯನ ಕೆಲಸದ ಫೋನು ಮನೆಯಲ್ಲಿರುತ್ತಿತ್ತು, ಮಗಳು ಎತ್ತಿ ಮಾತಾಡುತ್ತಿದ್ದಳು. ಚಳಿಗಾಲ ಬಂತೆಂದರೆ ಸೋರುವ ಫ್ಯಾನುಗಳದ್ದೇ ಗೋಳು. ಪೈಪಿನ ನೀರು ಕೆಳಗಿಳಿಯದಂತೆ ಟವೆಲು, ತಂತಿ, ಒಂದು ಗೇಣು ಬಾಲ. ಅದನ್ನು ಅವಳು ಯಾವ ಶಾಲೆಯಲ್ಲೂ ಕಲಿತದ್ದಲ್ಲ. ಮೇಷ್ಟ್ರು ಬಿಡುವಿನ ವೇಳೆಯಲ್ಲಿ ಕೈಕೆಲಸ ಮಾಡುತ್ತಿದ್ದ ಕಾಲದಲ್ಲಿ ಗಿರಾಕಿಗಳಿಗೆ ಫೋನಿನಲ್ಲಿ ಹೇಳುತ್ತಿದ್ದುದನ್ನು ಪಕ್ಕದಲ್ಲಿ ಕೂತು ಹೋಂವರ್ಕ್ ಬರೆಯುತ್ತ ಕೇಳಿಸಿಕೊಂಡವಳು.

ಅಳಿಯ ಏಕೆ ರುಜು ಹಾಕಿದನೆಂದು ಈಗ ಮೇಷ್ಟ್ರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪೊಲೀಸರು ಮನೆಗೆ ಬಂದು ಆ ತಂತಿಯ ಬಾಲ ತೋರಿಸಿದ ಗಳಿಗೆಯಲ್ಲೇ, ಹೇಳಿಕೊಟ್ಟವಳು ಹೆಂಡತಿಯೇ ಎಂದು ಅವನಿಗೆ ತಿಳಿದಿರಬೇಕು. ಅದೇ ತಂತಿ ತಮ್ಮ ಕಣ್ಣೆದುರಿಗಿದ್ದರೂ ಮೇಷ್ಟ್ರು ಬೂಷ್ಟನ್ನಷ್ಟೇ ಹುಡುಕಿದ್ದರು. ಮೇಷ್ಟ್ರು ಬೆಳಗಿನಿಂದ ಬೆವರು ಸುರಿಸಿ ಆ ಬಡಪಾಯಿ ಕಟ್ಟಿದ ಗೋಡೆಯನ್ನು ಇಟ್ಟಿಗೆ ಇಟ್ಟಿಗೆಯಾಗಿ ಕೆಡವಿದ್ದರು. ಅವರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು.

"ಅದು ತಪ್ಪು ನಂಬರಿರಬಹುದು," ಎಂದರು. ಜೀವಮಾನದಲ್ಲಿ ಇಷ್ಟು ಸೊಟ್ಟ ಸುಳ್ಳನ್ನು ಅವರು ಹೇಳಿರಲಿಲ್ಲ.

ಇನ್‌ಸ್ಪೆಕ್ಟರಮ್ಮ ತಲೆಯೆತ್ತಿ ಅವರನ್ನು ನೋಡಿದರು. ಆಕೆಯ ಮುಖದಲ್ಲಿ ಕನಿಕರ ಕಾಣಿಸಿತು, ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

"ಗ್ಯಾಸ್ ಗೀಸರ್ ಯಾವಾಗ ಹಾಕ್ಸಿದ್ರಿ?" ಮೇಷ್ಟ್ರು ಕನ್ನಡಕದಂಗಡಿಯವರ ಕಡೆ ತಿರುಗಿದರು. ಮುಳುಗುವವರು ಏನು ಸಿಕ್ಕರೂ ಹಿಡಿಯುತ್ತಾರಲ್ಲ, ಹಾಗೆ.

"ಫ್ಯಾನು ಕೂರಿಸಿದ ಎರಡು ವಾರಕ್ಕೆ. ಬೇರೆಯವರು ಬಂದು ಹಾಕಿದ್ರು."

"ಹಾಗಾದ್ರೆ ನನ್ನ ಅಳಿಯನಿಗೆ ಗೀಸರಿನ ವಿಷಯ ಗೊತ್ತೇ ಇಲ್ಲ. ಅವಳಿಗೆ ಎಲ್ಲಿಂದ ಗೊತ್ತಾಗ್ಬೇಕು? ಫೋನಲ್ಲಿ ಅವಳು ನಿಮ್ಮನ್ನ ಕೇಳಿರ್ತಾಳೆ, ಒಳಗೆ ಗ್ಯಾಸ್ ಗೀಸರ್ ಇದೆಯಾ ಅಂತ. ಇದ್ರೆ ಬಟ್ಟೆ ಇಡಬಾರದು ಅಂತ. ನೀವು ಮರೆತಿದೀರಿ."

"ಕೇಳಿದ್ರೆ ನಾನು ಹೇಳ್ತಿರ್ಲಿಲ್ವಾ? ನನ್ನ ಹೆಂಡತಿ ರೀ ಅವಳು."

"ಕೇಳಿರ್ತಾಳೆ."

"ಇಲ್ಲ."

"ನನ್ನ ಮಗಳು ಅವಳು, ಕೇಳದೆ ಇರಲ್ಲ."

ಮಾತು ಇನ್ನೆಷ್ಟು ಹೊತ್ತು ಗಾಣದೆತ್ತಿನ ಹಾಗೆ ಸುತ್ತುತ್ತಿತ್ತೋ, ಅಷ್ಟರಲ್ಲಿ ಇನ್‌ಸ್ಪೆಕ್ಟರಮ್ಮ ತಮ್ಮ ಫೋನಿನಲ್ಲಿ ಅಳಿಯನ ಕೆಲಸದ ನಂಬರು ಒತ್ತಿ, ಸ್ಪೀಕರು ಹಾಕಿ, ಸ್ಕ್ರೂಗಳ ಪಕ್ಕದಲ್ಲಿ ಇಟ್ಟರು.

"ನೀವೇ ಮಾತಾಡಿ. ನಾನಿದೀನಿ ಅಂತ ಹೇಳೋದು ಬಿಡೋದು ನಿಮಗೆ ಸೇರಿದ್ದು."

ಎರಡನೆಯ ರಿಂಗಿಗೇ ಮಗಳು ಎತ್ತಿದಳು. ಆರು ದಿನದಿಂದ ಫೋನನ್ನು ಕೈಯಿಂದ ಕೆಳಗಿಟ್ಟೇ ಇಲ್ಲವೇನೋ ಎಂಬಂತೆ.

"ಹಲೋ, ಹೇಳಿ."

"ನಾನಮ್ಮ."

"ಅಪ್ಪ? ಇದು ಯಾರ ಫೋನು? ಇವರನ್ನ ಬಿಟ್ರಾ?"

"ಇನ್ನೂ ಇಲ್ಲ." ಮೇಷ್ಟ್ರು ಫೋನಿನ ಕಡೆ ಬಾಗಿದರು. ಸುಮ್ಮನಿದ್ದುಬಿಡಬಹುದಿತ್ತು. "ನೋಡಮ್ಮ, ಇಲ್ಲಿ ಇನ್‌ಸ್ಪೆಕ್ಟರಮ್ಮನೂ ಇದಾರೆ. ನಾವು ಮಾತಾಡೋದನ್ನ ಕೇಳ್ತಿದಾರೆ. ತಿಳ್ಕೊಂಡು ಮಾತಾಡು."

ಆ ಕಡೆ ಮಗುವಿನ ಗಿಲಕಿಯ ಸದ್ದು. ಆಮೇಲೆ ಅದೂ ನಿಂತಿತು.

"ಕನ್ನಡಕದವರ ಮನೆಯಿಂದ ಫೋನ್ ಬಂದಿತ್ತಾ?"

"ಬಂದಿತ್ತು." ಅವಳ ದನಿ ಸಣ್ಣದಾಯಿತು. "ಇವರನ್ನ ಕರ್ಕೊಂಡು ಹೋಗೋ ದಿನ, ಯಾರಿಗೂ ಹೇಳ್ಬೇಡ, ನಿಮ್ಮಪ್ಪನಿಗೂ ಹೇಳ್ಬೇಡ ಅಂತ ಮಾತು ತಗೊಂಡ್ರು. ಮಗೂಗೆ ತಾಯಿ ಬೇಕು ಅಂದ್ರು. ನಾನು ಒಪ್ಕೊಂಡುಬಿಟ್ಟೆ ಅಪ್ಪ. ಒಪ್ಕೋಬಾರದಿತ್ತು."

"ಅದಿರ್ಲಿ. ಒಂದೇ ಒಂದು ಕೇಳ್ತೀನಿ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆಯಾ ಅಂತ ಅವರನ್ನ ಕೇಳಿದ್ಯಾ?"

"ಇಲ್ಲ."

"ಚೆನ್ನಾಗಿ ನೆನಪು ಮಾಡ್ಕೊ. ಅವಸರ ಇಲ್ಲ."

"ನೆನಪಿದೆ ಅಪ್ಪ. ಆರು ದಿನದಿಂದ ಅದೊಂದೇ ನೆನಪು. ಕೇಳ್ಲಿಲ್ಲ. ನೀವು ಯಾವತ್ತೂ ಕೇಳ್ತಿರ್ಲಿಲ್ಲವಲ್ಲ. ನೀವು ಏನೇನು ಹೇಳ್ತಿದ್ರೋ ಅಷ್ಟೂ ಹೇಳ್ದೆ."

ಕೇಳುತ್ತಿರಲಿಲ್ಲ, ನಿಜ. ಮೇಷ್ಟ್ರ ಕಾಲದಲ್ಲಿ ನೀರು ಕಾಯುತ್ತಿದ್ದುದು ಹಿತ್ತಲಿನಲ್ಲೋ ಕರೆಂಟಿನಲ್ಲೋ. ಬಚ್ಚಲೊಳಗೆ ಗ್ಯಾಸು ಉರಿಯುವ ಕಾಲ ಬಂದಾಗ ಅವರು ನಿವೃತ್ತರಾಗಿ ಮೊಮ್ಮಗುವಿನ ಹಾದಿ ಕಾಯುತ್ತಿದ್ದರು. ಹಳೆಯ ಪಾಠ ಮನೆಯಲ್ಲಿ ಉಳಿದುಕೊಂಡಿತ್ತು, ಅದನ್ನು ತಿದ್ದುವ ಯೋಚನೆ ಅವರಿಗೆ ಬಂದಿರಲಿಲ್ಲ. ಕನ್ನಡಕದಂಗಡಿಯವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಇನ್‌ಸ್ಪೆಕ್ಟರಮ್ಮ ಬರೆಯುವುದನ್ನು ನಿಲ್ಲಿಸಲಿಲ್ಲ.

"ನಾನು ಅಲ್ಲಿಗೆ ಬರ್ತೀನಿ," ಎಂದಳು ಮಗಳು. "ಬಂದು ಎಲ್ಲಾ ಬರ್ಕೊಡ್ತೀನಿ. ಆದ್ರೆ ಅದಕ್ಕೆ ಮುಂಚೆ ಇವರನ್ನ ಒಂದು ಮಾತು ಕೇಳ್ಬೇಕು ಅಪ್ಪ. ಭೇಟಿಗೆ ಬಿಡ್ತಿಲ್ಲ. ನೀವಾದ್ರೂ ಕೇಳಿ, ಈಗ್ಲೇ ಕೇಳಿ."

"ಏನು ಕೇಳ್ಬೇಕು?"

"ಆ ವಾರ ತುಂಬಾ ಚಳಿ ಇತ್ತಲ್ಲ. ಇನ್ನೂ ಇಬ್ಬರು ಫೋನ್ ಮಾಡಿದ್ರು. ಅವರಿಗೂ ಇದನ್ನೇ ಹೇಳಿದೀನಿ."

ಇನ್‌ಸ್ಪೆಕ್ಟರಮ್ಮನ ಪೆನ್ನು ಈಗ ನಿಂತಿತು.

"ಒಬ್ಬರ ಮನೆ ನನಗೆ ಗೊತ್ತಿತ್ತು. ಸುದ್ದಿ ಗೊತ್ತಾದ ದಿನವೇ ಹೋಗಿ ನಾನೇ ಬಟ್ಟೆ ಎಳೆದು ಬಂದೆ. ಇನ್ನೊಬ್ಬರ ಮನೆ ಎಲ್ಲಿ ಅಂತ ಇವರಿಗೆ ಮಾತ್ರ ಗೊತ್ತು, ನನ್ನ ಹತ್ರ ಬರೀ ನಂಬರಿದೆ. ಅವರದ್ದೂ ಗ್ಯಾಸ್ ಗೀಸರೇ ಅಂತೆ. ತೆಗೀರಿ, ಮೊದಲು ತೆಗೀರಿ ಅಂತ ದಿನಾ ಬೆಳಿಗ್ಗೆ ಫೋನ್ ಮಾಡ್ತಿದ್ದೆ. ಸೋರೋದು ನಿಂತಿದೆ, ನಿಧಾನವಾಗಿ ತೆಗೆದ್ರಾಯ್ತು ಬಿಡಿ ಅಂತ ಆಯಮ್ಮ ನಗ್ತಿದ್ರು."

"ಈಗ?"

"ನಿನ್ನೆ ಬೆಳಿಗ್ಗೆಯಿಂದ ಫೋನ್ ಎತ್ತುತ್ತಿಲ್ಲ ಅಪ್ಪ."